ಕ್ಯಾಷಿಯರ್ ಡಾಬ್ನಿಯ ಇಲಾಖಾ ವಿಚಾರಣೆ

ಈ ಮಂಗಳವಾರ, ನಾವು ನೆಲೆಸಿರುವ ಪರದೇಶದ ಊರು ರೆಂಟನ್ನಿನ ಲೈಬ್ರರಿಯಲ್ಲಿ ನನಗೆ ಸಿಟ್ಟು ಬಂತು. ಲೈಬ್ರರಿ ಸಿಟ್ಟಿಗೆ ತಕ್ಕ ಜಾಗವಲ್ಲ. ಅಲ್ಲಿ ಎಂಥ ರೌದ್ರಾವತಾರವನ್ನೂ ಪಿಸುಮಾತಿನಲ್ಲೇ ತಾಳಬೇಕಾದ್ದರಿಂದ ಅರ್ಧ ಸಿಟ್ಟು ಅಲ್ಲೇ ಸೋರಿಹೋಗುತ್ತದೆ. ಉಳಿದರ್ಧವನ್ನು ಜೋಪಾನವಾಗಿ ಮನೆಗೆ ತಂದಿದ್ದೇನೆ. ಓದುಗರೇ, ಅದನ್ನು ನಿಮ್ಮೆದುರು ಬಿಚ್ಚಲು ಅಪ್ಪಣೆಯಿರಲಿ.

ನಡೆದದ್ದು ಇಷ್ಟು. ಹಳೆಯ ಸಿನಿಮಾಗಳ ಕಪಾಟಿನಲ್ಲಿ ಕೈಯಾಡಿಸುತ್ತಿದ್ದಾಗ ತೆಳ್ಳನೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳದ ಮೇಲೆ ಹ್ಯಾಟು ಹಾಕಿದ ಪೊಲೀಸ್ ಇನ್ಸ್‌ಪೆಕ್ಟರ್, ಅವನ ಹಿಂದೆ ಆಕಾಶ ಸೀಳುವ ಸರ್ಚ್‌ಲೈಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಲಂಡನ್ನಿನ ಮೇಲೆ ನಿಜವಾಗಿಯೂ ಬಾಂಬು ಬೀಳುತ್ತಿದ್ದ ದಿನಗಳಲ್ಲಿ, ಅಲ್ಲಿಯ ಯಾರೋ ಬಡಪಾಯಿಗಳು ಚಿಲ್ಲರೆ ಕಾಸಿನಲ್ಲಿ ತೆಗೆದ ಚಿತ್ರ. ಬ್ಯಾಂಕಿನಿಂದ ಕಳುವಾದ ಹಣದ ಕಥೆ. ಒಟ್ಟು ಅರವತ್ತಮೂರು ನಿಮಿಷ. ಅದನ್ನು ಕಂಡದ್ದೇ ಬಹಳ ದಿನ ಮಾತುಬಿಟ್ಟಿದ್ದ ನೆಂಟನನ್ನು ಮದುವೆಮನೆಯಲ್ಲಿ ಕಂಡಂತಾಯಿತು. ಡಬ್ಬಿ ತಿರುಗಿಸಿ ಬೆನ್ನು ಓದಿದೆ. ಕಥಾಸಾರವೆಂದು ಒಂದೇ ಸಾಲು ಬರೆದಿದ್ದರು: ಯುದ್ಧದ ಕತ್ತಲಲ್ಲಿ ನಂಬಿದವರಿಗೆ ದ್ರೋಹ ಬಗೆದ ಕ್ಯಾಷಿಯರನೊಬ್ಬನ ಕಥೆ.

ದ್ರೋಹ ಬಗೆದ! ಯಾರು ಹೇಳಿದರು ಇವರಿಗೆ? ಡಬ್ಬಿ ಹಿಡಿದು ಕೌಂಟರಿಗೆ ಹೋದೆ. ಅಲ್ಲಿ ಹಸಿರು ಬಣ್ಣದ ಕೂದಲಿನ ಹುಡುಗಿಯೊಬ್ಬಳು ಕೂತಿದ್ದಳು. "ಇದು ತಪ್ಪು ಮಾಹಿತಿ. ಈ ಕ್ಯಾಷಿಯರನ ವಿಚಾರಣೆ ಆಗಿದೆ," ಎಂದು ಅವಳ ಭಾಷೆಯಲ್ಲಿ ಹೇಳಿದೆ. ಎಲ್ಲಿ ಎಂದು ಕೇಳಿದಳು. "ಇಲ್ಲೇ ಪಕ್ಕದೂರು ನ್ಯೂಕ್ಯಾಸಲ್‌ನಲ್ಲಿ, ನನ್ನ ಸ್ನೇಹಿತರ ಮನೆಯ ಮಹಡಿಯ ಮೇಲೆ," ಎಂದೆ. ಆಕೆ ಬಹಳ ಸಭ್ಯಳು. ಡಿಸ್ಕು ಮನೆಗೆ ಬೇಕೋ ಬೇಡವೋ ಎಂದಷ್ಟೇ ಕೇಳಿದಳು.

ಅವಳಿಗೆ ವಿವರಿಸಲು ಸಮಯವಿರಲಿಲ್ಲ. ನಿಮಗಿದೆ ಎಂದುಕೊಳ್ಳುತ್ತೇನೆ.

ಎಂಟು ವರ್ಷದ ಹಿಂದೆ ನಮ್ಮದೊಂದು ಶನಿವಾರದ ಚಿತ್ರಗೋಷ್ಠಿ ಇತ್ತು. ಗೋಷ್ಠಿ ಎಂಬ ಘನವಾದ ಹೆಸರು ನಾನಿಟ್ಟದ್ದು. ಉಳಿದವರೆಲ್ಲ 'ಇಮ್ತಿಯಾಜ್ ಮನೆ ಪಿಕ್ಚರ್' ಎನ್ನುತ್ತಿದ್ದರು. ಇಮ್ತಿಯಾಜ್ ಮೈಸೂರಿನ ಮಂಡಿ ಮೊಹಲ್ಲಾದವರು. ಇಲ್ಲಿ ಸಾಫ್ಟ್‌ವೇರ್ ಕೆಲಸ. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರಾದರೂ ಅವರ ಟೀವಿ ನನ್ನದಕ್ಕಿಂತ ನಾಲ್ಕು ಪಟ್ಟು ದೊಡ್ಡದು, ಆದ್ದರಿಂದ ಗೋಷ್ಠಿಯ ಅಧ್ಯಕ್ಷಗಿರಿ ತಾನಾಗಿ ಅವರಿಗೆ ಒದಗಿತ್ತು. ಅಧ್ಯಕ್ಷರ ಅಧಿಕಾರದಂಡ ರಿಮೋಟು. ಗೋಷ್ಠಿಗೆ ನಾನೇ ಕೂತು ಏಳು ನಿಯಮಗಳನ್ನು ರಚಿಸಿದ್ದೆ. ಮೊದಲನೆಯದು, ಚಿತ್ರ ನಡೆಯುವಾಗ ಯಾರೂ ಮಾತಾಡತಕ್ಕದ್ದಲ್ಲ. ಇದನ್ನು ನಿಷ್ಠೆಯಿಂದ ಪಾಲಿಸಿದವಳು ನನ್ನ ಹೆಂಡತಿ ಸರಳ ಒಬ್ಬಳೇ. ಹೆಸರುಗಳು ಮೂಡುತ್ತಿದ್ದಂತೆ ಅವಳು ನಿದ್ದೆ ಹೋಗುತ್ತಿದ್ದಳು. ಉಳಿದವರು ಕೈ ಎತ್ತಿ "ಸ್ವಲ್ಪ ನಿಲ್ಸಪ್ಪಾ" ಎಂದರೆ ಸಾಕು, ಇಮ್ತಿಯಾಜ್ ಚಿತ್ರ ನಿಲ್ಲಿಸುತ್ತಿದ್ದರು. ಚರ್ಚೆ, ಕಾಫಿ, ಅವರ ಮನೆಯ ಖಾರದ ಸಮೋಸ, ಮತ್ತೆ ಚರ್ಚೆ. ಹೀಗೆ ಒಂದೂವರೆ ಗಂಟೆಯ ಚಿತ್ರ ನೋಡಲು ನಾವು ನಾಲ್ಕು ಗಂಟೆ ತೆಗೆದುಕೊಳ್ಳುತ್ತಿದ್ದೆವು. ಚಿತ್ರ ತೆಗೆದವರೂ ಇಷ್ಟು ಎಚ್ಚರದಿಂದ ಅದನ್ನು ನೋಡಿರಲಾರರು.

ಗೋಷ್ಠಿಯ ನಾಲ್ಕನೆಯ ಸದಸ್ಯೆ ವಿಮಲಮ್ಮ. ಮೈಸೂರಿನವರೇ. ಬ್ಯಾಂಕೊಂದರಲ್ಲಿ ಮೂವತ್ತಾರು ವರ್ಷ ಕ್ಯಾಶಿನಲ್ಲಿದ್ದು ಹೆಡ್ ಕ್ಯಾಷಿಯರಾಗಿ ನಿವೃತ್ತರಾದವರು. ಹತ್ತಿರದ ಸಮಾಮಿಶ್ ಊರಿನಲ್ಲಿದ್ದ ಮಗಳು ರಶ್ಮಿಯ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಸಮಾಮಿಶ್‌ನಲ್ಲಿ ಕಾರು ಓಡಿಸಲು ಬಾರದವರು ಅಲ್ಲಿಯ ಮರಗಳ ಹಾಗೆ ನಿಂತಲ್ಲೇ ನಿಂತಿರಬೇಕು. ಆದ್ದರಿಂದ ಶನಿವಾರ ಎರಡಕ್ಕೆ ರಶ್ಮಿ ಅಮ್ಮನನ್ನು ನ್ಯೂಕ್ಯಾಸಲ್‌ಗೆ ತಂದು ಬಿಟ್ಟು, ಆರಕ್ಕೆ ಬಂದು ಕರೆದೊಯ್ಯುತ್ತಿದ್ದಳು. ವಿಮಲಮ್ಮ ಕಡಿಮೆ ಮಾತಿನವರು. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಸಮೋಸದ ಪಕ್ಕ ಕಾಗದದ ಕರವಸ್ತ್ರಗಳ ಅಟ್ಟಿಯಿದ್ದರೆ ಅದನ್ನೆತ್ತಿ, ನಾಲ್ಕು ಅಂಚನ್ನೂ ಮೇಜಿಗೆ ಕುಟ್ಟಿ ಸಮ ಮಾಡಿ, ಹೆಬ್ಬೆರಳಿನಿಂದ ಒಮ್ಮೆ ಸರ್ರನೆ ಸವರಿ ಇಡುತ್ತಿದ್ದರು. "ಎಷ್ಟಿದೆ ಆಂಟಿ?" ಎಂದು ಇಮ್ತಿಯಾಜ್ ಒಮ್ಮೆ ತಮಾಷೆಗೆ ಕೇಳಿದರು. "ನಲವತ್ತೊಂದು," ಎಂದರು. ಇಮ್ತಿಯಾಜ್ ಎಣಿಸಿ ನೋಡಿದರು. ನಲವತ್ತೊಂದೇ.

ಚಿತ್ರ ಆರಿಸುವುದು ಸರದಿಯ ಪ್ರಕಾರ. ಉಳಿದವರು ತಮ್ಮ ಸರದಿಗೆ ಹಾಡು, ಹೊಡೆದಾಟ, ಕಣ್ಣೀರುಗಳಿರುವ ಕನ್ನಡ ಚಿತ್ರ ತರುತ್ತಿದ್ದರು. ನಾನು ಮಾತ್ರ ಉನ್ನತ ಅಭಿರುಚಿಯ ಮನುಷ್ಯ. ಯಾರಿಗೂ ಗೊತ್ತಿಲ್ಲದ ಕಪ್ಪುಬಿಳುಪು ಚಿತ್ರ ತಂದು, ಅದು ಶುರುವಾಗುವ ಮೊದಲು ಹತ್ತು ನಿಮಿಷ ಪ್ರಾಸ್ತಾವಿಕ ಭಾಷಣ ಮಾಡುತ್ತಿದ್ದೆ. ಸರಳ ಚಿತ್ರ ಶುರುವಾದೊಡನೆ ನಿದ್ದೆ ಹೋಗುತ್ತಾಳೆಂದು ಹೇಳಿದೆನಲ್ಲ, ನನ್ನ ಸರದಿಯಲ್ಲಿ ಅವಳಿಗೆ ಅಷ್ಟು ಕಾಯುವ ಅಗತ್ಯವೂ ಬೀಳುತ್ತಿರಲಿಲ್ಲ.

ಈ ಲಂಡನ್ ಚಿತ್ರ ಹೀಗೆ ನಾನು ತಂದದ್ದು. ಅದರ ಬಡತನವನ್ನು ಸ್ವಲ್ಪ ವರ್ಣಿಸದೆ ಮುಂದೆ ಹೋಗಲಾರೆ. ಇಡೀ ಚಿತ್ರದಲ್ಲಿ ಇರುವುದು ಒಂದೇ ಮೆಟ್ಟಿಲಸಾಲು. ಅದೇ ಮೆಟ್ಟಿಲು ಬ್ಯಾಂಕಿನಲ್ಲಿ, ಕ್ಯಾಷಿಯರನ ಮನೆಯಲ್ಲಿ, ಪೊಲೀಸ್ ಠಾಣೆಯಲ್ಲಿ. ಹೂವಿನ ಕುಂಡವೊಂದನ್ನು ಸರಿಸಿದರೆ ಊರು ಬದಲಾಯಿತು. ಹಾಲಿನವನಾಗಿ ಬಂದ ಮನುಷ್ಯ ಹತ್ತು ನಿಮಿಷ ಬಿಟ್ಟು ಕಾನ್‌ಸ್ಟೇಬಲ್ ಆಗಿ ಬರುತ್ತಾನೆ, ಮೀಸೆ ಮಾತ್ರ ಹೊಸದು. ಬಾಂಬು ಬಿದ್ದಾಗ ಕ್ಯಾಮೆರಾ ಅಲ್ಲಾಡಿಸಿ, ಮೇಲಿನಿಂದ ಮೇಜಿನ ಮೇಲೆ ಒಂದು ಹಿಡಿ ಸುಣ್ಣದ ಪುಡಿ ಸುರಿಯುತ್ತಾರೆ. ಒಮ್ಮೆಯಂತೂ ಸುರಿದ ಕೈ ಕೂಡ ಕಂಡಿತು, ಕೈಯಲ್ಲಿ ಗಡಿಯಾರವಿತ್ತು. ಇವೆಲ್ಲವನ್ನೂ ನಾನು ಕ್ಷಮಿಸಿದ್ದೇನೆ. ತಲೆಯ ಮೇಲೆ ಅಸಲಿ ಬಾಂಬುಗಳು ಬೀಳುತ್ತಿರುವಾಗ ನಕಲಿ ಬಾಂಬು ಮಾಡಲು ಕೂತವರ ಧೈರ್ಯ ಸಾಮಾನ್ಯದ್ದಲ್ಲ. ಆದರೆ ಕಳುವಾದ ಹಣದ ಬಗ್ಗೆ ಅರವತ್ತಮೂರು ನಿಮಿಷ ಮಾತಾಡಿ, ಕಳುವಾದ ಆ ಹಣವನ್ನು ಒಮ್ಮೆಯೂ ತೋರಿಸದ ಚಿತ್ರ ಜಗತ್ತಿನಲ್ಲಿ ಇದೊಂದೇ ಇರಬೇಕು. ನೋಟು ಅಚ್ಚು ಹಾಕಿಸಲೂ ಅವರಲ್ಲಿ ದುಡ್ಡಿರಲಿಲ್ಲವೋ ಏನೋ.

ಕಥೆ ಇದು. ಡಾಬ್ನಿ ಎಂಬಾತ ಬ್ಯಾಂಕಿನ ಹಳೆಯ ಕ್ಯಾಷಿಯರು. ಹೆಂಡತಿ ತೀರಿಕೊಂಡ, ಒಂಟಿ, ಬಡಕಲು ಮನುಷ್ಯ. ಒಂದು ಸಂಜೆ ಕಾರ್ಖಾನೆಯೊಂದರ ಸಂಬಳದ ಹಣ ತಿಜೋರಿಗೆ ಸೇರುತ್ತದೆ. ಅಷ್ಟರಲ್ಲಿ ಸೈರನ್ ಕೂಗುತ್ತದೆ. ಎಲ್ಲರೂ ನೆಲಮಾಳಿಗೆಗೆ ಓಡುತ್ತಾರೆ. ಬೆಳಗ್ಗೆ ನೋಡಿದರೆ ಒಂದು ಕಂತೆ ಕಡಿಮೆ. ಡಾಬ್ನಿ ತುಟಿ ಬಿಚ್ಚದೆ, ಹೆಂಡತಿ ನುಡಿಸುತ್ತಿದ್ದ ಪಿಯಾನೋ ಮಾರಿ ಅಷ್ಟೂ ಹಣ ತಂದು ಕಟ್ಟಿಬಿಡುತ್ತಾನೆ.

ಪಿಯಾನೋವನ್ನು ಇಬ್ಬರು ಹೊತ್ತುಕೊಂಡು ಅದೇ ಮೆಟ್ಟಿಲಿಳಿಯುತ್ತಿದ್ದಾಗ ನಾನು ಕೈ ಎತ್ತಿದೆ. ಇಮ್ತಿಯಾಜ್ ನಿಲ್ಲಿಸಿದರು.

"ಕಳ್ಳ ಸಿಕ್ಕಿದ," ಎಂದೆ. ಮೂವತ್ತು ವರ್ಷದಿಂದ ಇಂಥ ಚಿತ್ರ ನೋಡಿದ ಅಹಂಕಾರ ಗಂಟಲಲ್ಲಿತ್ತು. "ನಿರಪರಾಧಿ ಆಗಿದ್ರೆ ಯಾರಾದ್ರೂ ಕೈಯಿಂದ ದುಡ್ಡು ಕಟ್ತಾರೇನ್ರೀ? ಕಟ್ಟಿದ ಅಂದ್ರೆ ಒಪ್ಕೊಂಡ ಹಾಗೆ."

"ಕಟ್ತಾರೆ," ಎಂದರು ವಿಮಲಮ್ಮ.

"ಅಲ್ಲ, ತರ್ಕ ಹಿಡಿದು ನೋಡಿ..."

"ಕಟ್ತಾರೆ ಸಾರ್. ಮುಂದಕ್ಕೆ ಬಿಡಿ ಇಮ್ತಿಯಾಜ್."

ಚಿತ್ರ ಮುಂದುವರಿಯಿತು. ಇನ್ಸ್‌ಪೆಕ್ಟರನೂ ನಾನು ಹೇಳಿದ್ದನ್ನೇ ಹೇಳಿದ, ನನಗಿಂತ ಒಳ್ಳೆಯ ಕೋಟು ಹಾಕಿಕೊಂಡು. ಕೊನೆಗೆ ಅವನು ಡಾಬ್ನಿಯ ಮನೆಗೆ ಬಂದ. ಮೆಟ್ಟಿಲ ಮೇಲೆ ನಿಂತಿದ್ದ ಡಾಬ್ನಿ, ತನಗೆ ಬಹಳ ದಣಿವಾಗಿದೆ ಎಂದಷ್ಟೇ ಹೇಳಿ ಎರಡೂ ಕೈ ಮುಂದೆ ಚಾಚಿದ. ಕೋಳ ಬಿತ್ತು. ಜೋರಾದ ಸಂಗೀತ. ಶುಭಂ. ಸರಳ ಎದ್ದಳು.

ನಾನು ಜಯಶಾಲಿಯಂತೆ ಎಲ್ಲರ ಮುಖ ನೋಡಿದೆ. ವಿಮಲಮ್ಮ ಖಾಲಿ ಪರದೆಯನ್ನೇ ನೋಡುತ್ತಿದ್ದರು.

"ಅವನನ್ನ ಯಾರೂ ಏನೂ ಕೇಳ್ಲೇ ಇಲ್ಲ," ಎಂದರು. "ಕದ್ದೆಯಾ ಅಂತ ಒಬ್ರಾದ್ರೂ ಕೇಳಿದ್ರಾ? ವಿಚಾರಣೆ ಎಲ್ಲಾಯ್ತು?"

"ಸಿನಿಮಾ ಅಲ್ವಾ ಆಂಟಿ," ಎಂದರು ಇಮ್ತಿಯಾಜ್.

"ಆದ್ರೆ ಏನಂತೆ? ಸಿನಿಮಾ ಅಂದ್ರೆ ಹ್ಯಾಗ್ಬೇಕಾದ್ರೂ ಹಾಗೆ ಕೈಗೆ ಕೋಳ ಹಾಕಬೋದಾ?"

ಮುಂದಿನ ಶನಿವಾರ ಆಕೆ ಒಂದು ನೋಟ್‌ಬುಕ್ಕು ಹಿಡಿದು ಬಂದರು. ಮೊಮ್ಮಗಳದಿರಬೇಕು, ರಟ್ಟಿನ ಮೇಲೆ ಕೊಂಬಿರುವ ಕುದುರೆ ಇತ್ತು. ಒಳಗೆ ಕೆಂಪು ಶಾಯಿಯ ಗೆರೆ ಎಳೆದು ವಿಭಾಗ ಮಾಡಿದ್ದರು. ಡಾಬ್ನಿ ಮೇಲೆ ಇಲಾಖಾ ವಿಚಾರಣೆ ನಡೆಯತಕ್ಕದ್ದು. ವಿಚಾರಣಾಧಿಕಾರಿ ಇಮ್ತಿಯಾಜ್, ಏಕೆಂದರೆ ರಿಮೋಟು ಅವರ ಕೈಯಲ್ಲಿದೆ. ಆರೋಪ ಮಂಡಿಸುವವನು ನಾನು, ಏಕೆಂದರೆ ಮೊದಲು ಬೆರಳು ತೋರಿಸಿದವನು ನಾನು. ಡಾಬ್ನಿಯ ಪರ ವಿಮಲಮ್ಮ. ಮ್ಯಾನೇಜರನ ಪಾತ್ರಕ್ಕೆ ಸರಳ ಒಪ್ಪಿಕೊಂಡಳು, ಎಚ್ಚರವಿರಬೇಕೆಂಬ ಷರತ್ತಿನ ಮೇಲೆ.

ನನಗೆ ಹೇಳಲಾರದಷ್ಟು ಖುಷಿಯಾಯಿತು. ಇಂಥ ಗಂಭೀರ ತಮಾಷೆ ನನಗೆ ಊಟಕ್ಕಿಂತ ಇಷ್ಟ. ಕೋಟು ಹಾಕಿಕೊಂಡು ಹೋಗಿದ್ದೆ. ಆರೋಪಪಟ್ಟಿಯನ್ನು ನಿಂತು ಓದಿದೆ. ಮನೆಯವರು ಯಾರೋ ಸತ್ತರೇನೋ ಎಂಬಂತೆ ಇಮ್ತಿಯಾಜ್‌ರ ಹೆಂಡತಿ ಬಾಗಿಲಿನಿಂದ ಇಣುಕಿ ಹೋದರು.

ಚಿತ್ರ ಮತ್ತೆ ಶುರುವಾಯಿತು. ಸೈರನ್ ಕೂಗಿದ ಜಾಗದಲ್ಲಿ ವಿಮಲಮ್ಮ ಕೈ ಎತ್ತಿದರು.

"ನಿಲ್ಸಿ. ಸ್ವಲ್ಪ ಹಿಂದೆ. ಇನ್ನೂ ಹಿಂದೆ. ಹಾಂ, ಅಲ್ಲೇ! ಏನು ಕಾಣುತ್ತೆ?"

ಮ್ಯಾನೇಜರು ಹ್ಯಾಟೆತ್ತಿಕೊಂಡು ಓಡುತ್ತಿದ್ದಾನೆ. ಓಡುತ್ತ ಒಂದು ಕೈ ಡಾಬ್ನಿಯತ್ತ ಚಾಚಿದ್ದಾನೆ. ಮೊದಲ ಸಲ ನೋಡಿದಾಗ ನಮಗೆ ಅದು ಬೆನ್ನು ತಟ್ಟಿದ ಹಾಗೆ ಕಂಡಿತ್ತು.

"ಕೈಯಲ್ಲೇನಿದೆ ನೋಡಿ."

ಇಮ್ತಿಯಾಜ್ ಟೀವಿಯ ಹತ್ತಿರ ಹೋಗಿ ಬಗ್ಗಿದರು. "ಅರೆ! ಕೀ, ಆಂಟಿ!"

ಆಗ ವಿಮಲಮ್ಮ ನಮಗೆ ಪಾಠ ಮಾಡಿದರು. ಬ್ಯಾಂಕಿನ ತಿಜೋರಿಗೆ ಎರಡು ಬೀಗದಕೈ. ಒಂದು ಮ್ಯಾನೇಜರಲ್ಲಿ, ಒಂದು ಕ್ಯಾಷಿಯರಲ್ಲಿ. ಎರಡೂ ಸೇರದೆ ಬಾಗಿಲು ತೆರೆಯದು. ಒಬ್ಬನೇ ಕದಿಯಬಾರದೆಂದಲ್ಲ, ಒಬ್ಬನ ಮೇಲೆಯೇ ಅನುಮಾನ ಬರಬಾರದೆಂದು ಮಾಡಿದ ಏರ್ಪಾಡು ಅದು. ಆದರೆ ಮ್ಯಾನೇಜರಿಗೆ ಬಸ್ಸಿಗೆ ಹೊತ್ತಾಗುತ್ತದೆ. ಮದುವೆಗೆ ಹೊತ್ತಾಗುತ್ತದೆ. ಲಂಡನ್ನಿನಲ್ಲಾದರೆ ಬಾಂಬಿಗೆ ಹೊತ್ತಾಗುತ್ತದೆ. ಆಗ ತನ್ನ ಕೀಲಿಯನ್ನೂ ಕ್ಯಾಷಿಯರ ಕೈಗಿಟ್ಟು, 'ನೀವೇ ಮುಚ್ಚಿಬಿಡಿ, ನಿಮ್ಮ ಮೇಲೆ ನಂಬಿಕೆ' ಎಂದು ಹೊರಟುಬಿಡುತ್ತಾನೆ.

"ಆ ನಂಬಿಕೆ ಇದೆಯಲ್ಲ," ಎಂದರು ವಿಮಲಮ್ಮ, "ಅದು ತಗೊಂಡೋರ ತಲೆ ಮೇಲೆ ಕೂರುತ್ತೆ. ಕೊಟ್ಟೋರು ಮನೆಗೆ ಹೋಗಿ ಊಟ ಮಾಡ್ತಾರೆ."

ವಿಚಾರಣಾಧಿಕಾರಿಗಳು ಮ್ಯಾನೇಜರನ್ನು ಕರೆದರು. ಸರಳ ಸೋಫಾದಲ್ಲಿ ನೆಟ್ಟಗೆ ಕೂತಳು.

"ಕೀ ಕೊಟ್ರಾ ನೀವು?"

"ಕೊಟ್ಟೆ," ಎಂದಳು. "ಎಲ್ಲಾ ಮ್ಯಾನೇಜರೂ ಕೊಡ್ತಾರೆ. ಏನೀಗ?"

"ಯಾಕೆ ಪೊಲೀಸರಿಗೆ ಹೇಳ್ಲಿಲ್ಲ?"

"ನನ್ನನ್ನ ಯಾರೂ ಕೇಳ್ಲಿಲ್ಲ. ಅಲ್ಲದೆ ಅವನೇ ದುಡ್ಡು ಕಟ್ಟಿದ್ನಲ್ಲ, ಇನ್ನೇನು?"

ಎಲ್ಲರೂ ನಕ್ಕೆವು. ವಿಮಲಮ್ಮ ನಗಲಿಲ್ಲ. ಸರಳಳನ್ನು ಒಂದು ಥರ ನೋಡಿದರು. ಆ ನೋಟ ನಾನು ಗಮನಿಸಿದೆ, ಆದರೆ ಕೋಟಿನ ಗುಂಗಿನಲ್ಲಿದ್ದೆ. ನನ್ನ ಸರದಿ ಬಂದಿತ್ತು. ಎದ್ದು ನಿಂತು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಇಡೀ ಮೊಕದ್ದಮೆಯ ಬುಡಕ್ಕೆ ಕೊಡಲಿ ಹಾಕುವ ಪ್ರಶ್ನೆ ಕೇಳಿದೆ.

"ಎಲ್ಲಾ ಸರಿ. ಕದಿಯದೇ ಇದ್ರೆ ಆರೋಪಿ ದುಡ್ಡು ಯಾಕೆ ಕಟ್ಟಿದ?"

"ಮಾರನೇ ದಿನ ಹತ್ತು ಗಂಟೆಗೆ ಕೌಂಟರ್ ತೆಗೀಬೇಕಲ್ಲ ಸಾರ್," ಎಂದರು ವಿಮಲಮ್ಮ. "ಕ್ಯಾಶು ಟ್ಯಾಲಿ ಆಗ್ದೆ ಹೋದ್ರೆ ಯಾರೂ ಮನೆಗೆ ಹೋಗೋ ಹಾಗಿಲ್ಲ. ಕಮ್ಮಿ ಬಂದ್ರೆ ಕ್ಯಾಷಿಯರ್ ಹಾಕ್ಬೇಕು. ಐದು ರೂಪಾಯಿ ಕಮ್ಮಿಯಾದ್ರೂ ಹಾಕ್ತೀವಿ, ಕಂತೆ ಕಮ್ಮಿಯಾದ್ರೂ ಹಾಕ್ತೀವಿ. ಅದು ಪದ್ಧತಿ. ಕದ್ದಿದ್ದಕ್ಕಲ್ಲ. ಎಲ್ರೂ ನಿಂತು ಕಾಯ್ತಾ ಇರ್ತಾರೆ. ಮ್ಯಾನೇಜರ್ರು ಗಡಿಯಾರ ನೋಡ್ತಾರೆ. ನೀವು ಹಾಕ್ಬಿಡಿ, ನಾನು ಮೇಲಕ್ಕೆ ಬರೆಯಲ್ಲ ಅಂತಾರೆ. ನಾನು ನನ್ನ ನಾಲ್ಕೂ ಬಳೆ ಕಳಚಿ ಕೊಟ್ಟೆ."

ಇಮ್ತಿಯಾಜ್ ರಿಮೋಟನ್ನು ಮೇಜಿನ ಮೇಲಿಟ್ಟರು.

ಚಾಮರಾಜನಗರದ ಕಡೆಯ ಒಂದು ಸಣ್ಣ ಶಾಖೆ. ಮ್ಯಾನೇಜರು ದಿನಾ ಮೈಸೂರಿಗೆ ಐದೂವರೆಯ ಬಸ್ಸು ಹಿಡಿಯಬೇಕು. ಕೀಲಿ ದಿನಾ ವಿಮಲಮ್ಮನ ಕೈಗೆ. ಒಂದು ಬೆಳಗ್ಗೆ ಒಂದು ಕಂತೆ ಕಡಿಮೆ. ಕೀಲಿ ಕೊಟ್ಟ ವಿಷಯ ಬಾಯಿ ಬಿಟ್ಟರೆ ಇಬ್ಬರ ನೌಕರಿಯೂ ಹೋಗುತ್ತದೆಂದು ಮ್ಯಾನೇಜರು ಹೇಳಿದರಂತೆ. ಬಳೆ ಮಾರಿದ ಹಣ ತುಂಬಿದ ಮೇಲೆ ರಿಜಿಸ್ಟರಿನಲ್ಲಿ ಅವರೇ ಬರೆದರು: ಕೊರತೆಯನ್ನು ಕ್ಯಾಷಿಯರ್ ಭರಿಸಿರುತ್ತಾರೆ, ಪ್ರಕರಣ ಮುಕ್ತಾಯ. ಆರೋಪವಿಲ್ಲ. ಆರೋಪವಿಲ್ಲವಾದ್ದರಿಂದ ವಿಚಾರಣೆಯಿಲ್ಲ. ವಿಚಾರಣೆಯಿಲ್ಲವಾದ್ದರಿಂದ ನಿರ್ದೋಷಿ ಎಂದು ಹೇಳುವವರೂ ಇಲ್ಲ.

"ಆಮೇಲೆ ಯಾವ ಬ್ರಾಂಚಿಗೆ ಹೋದ್ರೂ ಆ ಸಾಲು ನನಗಿಂತ ಮುಂಚೆ ಹೋಗಿರೋದು," ಎಂದರು. "ಯಾರೂ ಏನೂ ಅನ್ನೋರಲ್ಲ. ತುಂಬಾ ಮರ್ಯಾದೆ. ಆದ್ರೆ ನಾನು ಎಣಿಸಿಟ್ಟ ಕಂತೇನ ಇನ್ನೊಂದ್ಸಲ ಎಣಿಸೋರು. ನನ್ನೆದುರಿಗೇ."

ಯಾರೂ ಕೈ ಎತ್ತಲಿಲ್ಲ. ಎಲ್ಲವೂ ನಿಂತೇ ಇತ್ತು. ಟೀವಿಯಲ್ಲಿ ಮ್ಯಾನೇಜರ ಕೈ ಕೂಡ.

ವಿಚಾರಣೆಯ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕುದುರೆಯ ನೋಟ್‌ಬುಕ್ಕಿನಲ್ಲೇ ಬರೆದೆ. ಸಾಕ್ಷ್ಯ, ಹೇಳಿಕೆ, ಎರಡು ಬೀಗದಕೈ, ಎಲ್ಲವೂ ಚೊಕ್ಕವಾಗಿ ಬಂತು. ಡಾಬ್ನಿ ಎಂಬ ಹೆಸರು ಬರೆಯದೆ 'ಕ್ಯಾಷಿಯರ್' ಎಂದಷ್ಟೇ ಬರೆಯಬೇಕೆಂದು ವಿಮಲಮ್ಮ ಹೇಳಿದರು, ಹಾಗೇ ಬರೆದೆ. ಕೊನೆಯ ಸಾಲಿಗೆ ಬಂದು, 'ಕ್ಯಾಷಿಯರ್ ಮೇಲಿನ ಆರೋಪ ಸಾಬೀತಾಗಿಲ್ಲ' ಎಂದು ಮುಗಿಸಿ ಓದಿದೆ.

"ಸಾಬೀತಾಗಿಲ್ಲ ಬೇಡ," ಎಂದರು. "ಸುಳ್ಳು ಅಂತ ಬರೀರಿ. ಆರೋಪ ಸುಳ್ಳು."

ಇಲ್ಲಿ, ಓದುಗರೇ, ನನ್ನ ವೃತ್ತಿಯ ಬಗ್ಗೆ ಎರಡು ಮಾತು ಹೇಳಬೇಕು. ನಾನು ಇಪ್ಪತ್ತಾರು ವರ್ಷ ರೆಂಟನ್ನಿನಲ್ಲಿ ವಿಮಾನ ಜೋಡಿಸುವ ಕಡೆ ತಪಾಸಣೆಯ ಕೆಲಸ ಮಾಡಿದವನು. ನನಗೊಂದು ಮುದ್ರೆ ಕೊಟ್ಟಿದ್ದರು, ಅದರಲ್ಲಿ ನನ್ನ ಸಂಖ್ಯೆ. ಕಣ್ಣಾರೆ ನೋಡಿದ ರಿವೆಟ್ ಮೊಳೆಗಷ್ಟೇ ಆ ಮುದ್ರೆ. ಪಕ್ಕದವನು ನೋಡಿದ್ದೇನೆಂದು ಆಣೆ ಹಾಕಿದರೂ ಒತ್ತುವಂತಿಲ್ಲ. ಒಳ್ಳೆಯ ನಿಯಮ, ನೀವು ವಿಮಾನದಲ್ಲಿ ಕೂತು ನೆಮ್ಮದಿಯಾಗಿ ನಿದ್ದೆ ಮಾಡುವುದು ಅದರಿಂದಲೇ. ಈ ನಿಯಮ ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ಉಪ್ಪಿಟ್ಟು ಚೆನ್ನಾಗಿದೆಯೇ ಎಂದು ಸರಳ ಅಡುಗೆಮನೆಯಿಂದ ಕೇಳಿದರೆ ಇನ್ನೂ ತಿಂದಿಲ್ಲ ಎಂದು ಉತ್ತರಿಸುತ್ತಿದ್ದೆ.

"ವಿಮಲಮ್ಮನವರೇ," ಎಂದೆ, "ಯಾರು ತಗೊಂಡ್ರು ಅಂತ ನಮಗೆ ಗೊತ್ತಿಲ್ಲ. ಕ್ಯಾಷಿಯರ್ ತಗೊಂಡಿಲ್ಲ ಅನ್ನೋದನ್ನ ನಾವ್ಯಾರೂ ಕಣ್ಣಲ್ಲಿ ಕಂಡಿಲ್ಲ. ಇರೋ ಸಾಕ್ಷ್ಯದ ಮೇಲೆ ಸಾಬೀತಾಗಿಲ್ಲ ಅಂತ ಬರೀಬೋದೇ ಹೊರತು..."

"ಸಾರ್, ಬರೀರಿ ಸಾರ್, ಏನಾಗುತ್ತೆ," ಎಂದರು ಇಮ್ತಿಯಾಜ್ ಮೆಲ್ಲಗೆ.

"ಹಾಗೆ ಬರೆಯೋಕೆ ಬರಲ್ಲ ಇಮ್ತಿಯಾಜ್. ಇದಕ್ಕೊಂದು ಕ್ರಮ ಇದೆ."

ವಿಮಲಮ್ಮ "ಸರಿ ಬಿಡಿ," ಎಂದರು. "ನಮ್ಮ ಮ್ಯಾನೇಜರ್ರೂ ಕ್ರಮವಾಗೇ ಬರೆದಿದ್ರು." ನೋಟ್‌ಬುಕ್ಕನ್ನು ನನ್ನ ಕಡೆಗೇ ಸರಿಸಿ, ಕರವಸ್ತ್ರಗಳ ಅಟ್ಟಿಯನ್ನು ಕೈಗೆತ್ತಿಕೊಂಡು, ಸಮ ಮಾಡದೆ ಹಾಗೇ ಇಟ್ಟರು. ಹೊರಗೆ ರಶ್ಮಿಯ ಕಾರಿನ ಹಾರನ್ನು ಕೇಳಿಸಿತು.

ನ್ಯೂಕ್ಯಾಸಲ್‌ನಿಂದ ರೆಂಟನ್ನಿನವರೆಗೆ ಕಾರಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಅಷ್ಟರಲ್ಲಿ ಸರಳ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. "ಅಲ್ರೀ, ನಿಮ್ಮ ಮುದ್ರೆ ಏರೋಪ್ಲೇನಿಗೆ. ಆಯಮ್ಮ ಏರೋಪ್ಲೇನಾ?"

ನನ್ನಲ್ಲಿ ಬಹಳ ಉತ್ತರಗಳಿದ್ದವು, ಎಲ್ಲವೂ ತರ್ಕಬದ್ಧವಾಗಿದ್ದವು. ಅವನ್ನೆಲ್ಲ ವಾರಗಟ್ಟಲೆ ಮನಸ್ಸಿನಲ್ಲೇ ಮಂಡಿಸಿದೆ. ಮುಂದಿನ ಶನಿವಾರ ವಿಮಲಮ್ಮ ಬರಲಿಲ್ಲ, ನೆಗಡಿ ಎಂದು ರಶ್ಮಿ ಮೆಸೇಜು ಕಳಿಸಿದಳು. ಅದರ ಮುಂದಿನ ಶನಿವಾರವೂ ನೆಗಡಿಯೇ. ತಿಂಗಳೊಳಗೆ ಅವರ ಆರು ತಿಂಗಳು ಮುಗಿದು ಮೈಸೂರಿಗೆ ಹೊರಟರು. ಗೋಷ್ಠಿಯೂ ಸವೆಯುತ್ತ ಬಂದು, ಇಮ್ತಿಯಾಜ್‌ಗೆ ಶನಿವಾರಗಳಲ್ಲೂ ಕೆಲಸ ಬೀಳತೊಡಗಿದ ಮೇಲೆ ನಿಂತಿತು. ವಿಮಲಮ್ಮ ಪ್ರತಿ ಹಬ್ಬಕ್ಕೂ ನನ್ನ ಫೋನಿಗೆ ಹೂವಿನ ಚಿತ್ರ ಕಳಿಸುತ್ತಾರೆ. ನಾನು ಕೈಮುಗಿಯುವ ಚಿತ್ರ ಕಳಿಸುತ್ತೇನೆ. ಎಂಟು ವರ್ಷದಿಂದ ನಮ್ಮ ಪತ್ರವ್ಯವಹಾರ ಇಷ್ಟೇ.

ಬುಧವಾರ ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಮುಂದೆ ಲೈಬ್ರರಿಗಳನ್ನು, ಡಬ್ಬಿಯ ಬೆನ್ನಿಗೆ ಕಥಾಸಾರ ಗೀಚುವವರನ್ನು, ಒಟ್ಟಿನಲ್ಲಿ ಪ್ರಪಂಚವನ್ನೇ ತರಾಟೆಗೆ ತೆಗೆದುಕೊಳ್ಳುವ ಎರಡು ಪುಟ ತಲೆಯಲ್ಲಿ ಸಿದ್ಧವಾಗಿದ್ದವು. ವಿಷಯವೇ ಅಂಥದ್ದು. ಒಬ್ಬ ಮನುಷ್ಯನನ್ನು ನೋಡದೆ, ಕೇಳದೆ, ಒಂದೇ ಸಾಲಿನಲ್ಲಿ ಕಳ್ಳನನ್ನಾಗಿ ಮಾಡಿ ಕಪಾಟಿನಲ್ಲಿಡುತ್ತಾರೆ. ಆ ಸಾಲು ಊರೂರು ತಿರುಗುತ್ತದೆ. ಬರೆದವನಿಗೆ ಹೆಸರೂ ಇಲ್ಲ, ಮುಖವೂ ಇಲ್ಲ. ಮಾರನೆಯ ದಿನ ಸರಳ ಈ ಹಾಳೆಗಳನ್ನು ಓದಿದಳು. ನಿದ್ದೆ ಹೋಗದೆ ಪೂರ್ತಿ ಓದಿದಳು.

"ಲೈಬ್ರರಿಯವರು ಬರ್ದಿದ್ದು ಒಂದು ಸಾಲು," ಎಂದಳು. "ಅದಕ್ಕೆ ಇಷ್ಟು ಹಾರಾಡ್ತೀರಲ್ಲ. ನೀವು ಬರೀದೇ ಹೋಗಿದ್ದೂ ಒಂದೇ ಸಾಲು."

"ಕ್ರಮ ಅಂತ ಒಂದಿದೆ ಸರಳ..."

"ಇದೆ. ಆವತ್ತು ಪಿಯಾನೋ ನೋಡ್ತಿದ್ದ ಹಾಗೇ ಕಳ್ಳ ಸಿಕ್ದ ಅಂದ್ರಲ್ಲ, ಕಣ್ಣಾರೆ ಕಂಡಿದ್ರಾ?"

ನನಗೆ ಬಂದ ಸಿಟ್ಟು ಹೇಳತೀರದು. ಆದರೆ ಅದು ಹೋಗಿ ಕೂರಲು ಯಾರ ಮುಖವೂ ಸಿಗಲಿಲ್ಲ. ಅಪರಾಧಿ ಎನ್ನುವುದಕ್ಕೆ ಅರ್ಧ ನಿಮಿಷ, ಯಾವ ಸಾಕ್ಷ್ಯವೂ ಬೇಕಿರಲಿಲ್ಲ. ಅಲ್ಲ ಎನ್ನುವುದಕ್ಕೆ ಮಾತ್ರ ಇಪ್ಪತ್ತಾರು ವರ್ಷದ ಶಿಸ್ತನ್ನು ಅಡ್ಡ ತಂದೆ. ಆ ಮ್ಯಾನೇಜರಿಗಾದರೂ ನೌಕರಿ ಉಳಿಸಿಕೊಳ್ಳುವ ಭಯವಿತ್ತು. ನಾನು ನಿವೃತ್ತ. ನನ್ನ ಮುದ್ರೆಯನ್ನು ಕೆಲಸ ಬಿಡುವ ದಿನವೇ ವಾಪಸು ತೆಗೆದುಕೊಂಡಿದ್ದರು.

ನೋಟ್‌ಬುಕ್ಕು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ತೆರಿಗೆ ಕಾಗದಗಳ ಕೆಳಗಿತ್ತು. ಕೊನೆಯ ಸಾಲನ್ನು ಗೀಟು ಹಾಕಿ ಹೊಡೆದು, ಕೆಳಗೆ ಬರೆದೆ, ಸಹಿ ಮಾಡಿದೆ. ಇಲ್ಲಿ ಸಂಜೆ ಆರೂವರೆ, ಮೈಸೂರಿನಲ್ಲಿ ಬೆಳಗ್ಗೆ ಏಳು. ಫೋನ್ ಮಾಡಿದೆ.

"ಯಾರು? ಓ, ನೀವಾ ಸಾರ್! ಏನು, ಎಲ್ಲಾ ಕ್ಷೇಮ ತಾನೆ?" ಇಷ್ಟು ವರ್ಷದ ಮೇಲೆ ಫೋನ್ ಬಂದರೆ ಯಾರಿಗಾದರೂ ಭಯವಾಗುತ್ತದೆ.

"ಕ್ಷೇಮ. ಡಾಬ್ನಿ ವಿಷಯ ಮಾತಾಡ್ಬೇಕಿತ್ತು."

"ಯಾವ ಡಾಬ್ನಿ?" ಎಂದವರು ಒಂದು ಕ್ಷಣ ತಡೆದು, "ನಮ್ಮ ಡಾಬ್ನಿಯಾ? ಏನಾಯ್ತು ಅವನಿಗೆ?" ಎಂದರು.

"ವರದಿ ತಿದ್ದಿದೀನಿ. ಸುಳ್ಳು ಅಂತ ಬರ್ದಿದೀನಿ."

ಆ ಕಡೆ ಕುಕ್ಕರು ಕೂಗಿತು. ಒಲೆ ಆರಿಸಿದ 'ಟಪ್' ಎಂಬ ಸದ್ದೂ ಕೇಳಿಸಿತು.

"ನೀವು ಕಂಡಿರ್ಲಿಲ್ವಲ್ಲ," ಎಂದರು.

"ಈಗ್ಲೂ ಕಂಡಿಲ್ಲ. ಆದ್ರೂ ಬರ್ದಿದೀನಿ. ಆವತ್ತೇ ಬರೀಬೇಕಿತ್ತು."

"ಸಹಿ?"

"ಮಾಡಿದೀನಿ."

"ತಾರೀಖು?"

ಅದನ್ನೊಂದು ನಾನು ಖಾಲಿ ಬಿಟ್ಟಿದ್ದೆ. "ಆ ಶನಿವಾರದ್ದೇ ಹಾಕೋಣ ಅಂತಿದೀನಿ ವಿಮಲಮ್ಮನವರೇ. ಆವತ್ತೇ ಬರೆದ ಹಾಗಿರುತ್ತೆ."

"ಅಯ್ಯೋ, ಬೇಡ!" ಇಡೀ ಮಾತುಕತೆಯಲ್ಲಿ ಅವರ ದನಿ ಏರಿದ್ದು ಆಗ ಮಾತ್ರ. "ಹಿಂದಿನ ತಾರೀಖು ಹಾಕ್ಬಾರ್ದು ಸಾರ್, ಅದು ಮೋಸ. ಇವತ್ತಿಂದೇ ಹಾಕಿ. ಎಂಟು ವರ್ಷ ತಡ ಆಯ್ತು ಅಂತ್ಲೇ ಇರ್ಲಿ ಅದ್ರಲ್ಲಿ."

"ಇಲ್ಲಿನ್ನೂ ಗುರುವಾರ. ನಿಮ್ಮಲ್ಲಿ ಶುಕ್ರವಾರ."

"ಸಹಿ ಮಾಡೋರು ಅಲ್ಲಿದೀರ. ಗುರುವಾರದ್ದೇ ಹಾಕಿ."

ಹಾಕಿದೆ.

"ಓದಿ," ಎಂದರು.

"ಕ್ಯಾಷಿಯರ್ ಮೇಲಿನ ಆರೋಪ ಸುಳ್ಳು," ಎಂದು ಓದಿದೆ.

ಲೈನು ಕಡಿಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಇನ್ನೊಂದ್ಸಲ ಓದಿ," ಎಂದರು.